ಮುಗಿದ ಚಿತ್ರವನ್ನು ಹೊರತರುವ ಬಗೆ

ಚಿತ್ರೀಕರಣವೆಂಬುದು ಒಂದು ಕಾಲದಲ್ಲಿ ದೊಡ್ಡ ಬಂಡವಾಳವನ್ನು ಬೇಡುವ ಉದ್ಯಮವಾಗಿತ್ತು. ಇಂದಾದರೋ ಅದು ಮನೆಮನೆಯ ಮೊಬೈಲ್ ಫೋನಿನಲ್ಲಿ ಬಂದು ಕುಳಿತಿದೆ. ಶಾಲೆಯ ವಾರ್ಷಿಕೋತ್ಸವ, ಮಕ್ಕಳ ಯಕ್ಷಗಾನ, ವಿಜ್ಞಾನ ಮೇಳ, ಅಜ್ಜಿ ಹೇಳುವ ಕತೆ, ಇವುಗಳಲ್ಲಿ ಯಾವುದನ್ನಾದರೂ ಪ್ರೌಢಶಾಲೆಯ ವಿದ್ಯಾರ್ಥಿಯು ಚಿತ್ರೀಕರಿಸಿ, ಬೇಡದುದನ್ನು ಕತ್ತರಿಸಿ, ಬೇಕಾದುದನ್ನು ಜೋಡಿಸಿ ಚಿತ್ರವೊಂದನ್ನು ಸಿದ್ಧಗೊಳಿಸಬಲ್ಲನು. ಕೇರಳದ ಪ್ರೌಢಶಾಲೆಗಳಲ್ಲಿ 2018ರಲ್ಲಿ ‘ಲಿಟ್ಲ್ ಕೈಟ್ಸ್’ ಎಂಬ ವಿದ್ಯಾರ್ಥಿಕೂಟಗಳು ಆರಂಭವಾದ ಬಳಿಕ ನಮ್ಮ ಕಾಸರಗೋಡು ಸೀಮೆಯ ಮಕ್ಕಳಲ್ಲಿಯೂ ಈ ವಿದ್ಯೆಯ ಪರಿಚಯವು ಹೆಚ್ಚಿದೆ. ಇದು ಸಂತೋಷದ ಸಂಗತಿ.

ಆದರೆ ಸಂಕಲನದ ಕೊನೆಯ ಹೆಜ್ಜೆಯೊಂದುಂಟು. ಜೋಡಿಸಿ ಮುಗಿಸಿದ ಚಿತ್ರವನ್ನು ತಂತ್ರಾಂಶದ ಹೊರಗೆ ತಂದು, ಎಲ್ಲಿ ಬೇಕಾದರೂ ನೋಡಬಹುದಾದ ಒಂದು ಫೈಲಾಗಿ ಮಾಡುವುದೇ ಆ ಹೆಜ್ಜೆ. ಇದನ್ನು ‘ಎಕ್ಸ್‌ಪೋರ್ಟ್’ ಅಥವಾ ‘ರೆಂಡರ್’ ಎನ್ನುತ್ತಾರೆ. ಈ ಹೆಜ್ಜೆಯನ್ನು ನಮ್ಮ ಮಕ್ಕಳು ಉಪೇಕ್ಷಿಸುತ್ತಾರೆ, ನಾವೂ ಉಪೇಕ್ಷಿಸಿದ್ದೆವು. ಅದರ ಬೆಲೆ ಏನಾಯಿತೆಂಬುದನ್ನು ಮೊದಲು ಹೇಳಿ, ಆಮೇಲೆ ಪಾಠಕ್ಕೆ ಬರುತ್ತೇವೆ.

ನಮ್ಮ ಅನುಭವ

ಕೆಲವು ವರ್ಷಗಳ ಹಿಂದೆ ಒಂದು ವಾರ್ಷಿಕೋತ್ಸವಕ್ಕಾಗಿ ನಾಲ್ವರು ವಿದ್ಯಾರ್ಥಿಗಳು ಊರಿನ ಹಿರಿಯ ನಿವೃತ್ತ ಅಧ್ಯಾಪಕರೊಬ್ಬರ ಮಾತುಗಳನ್ನು ಚಿತ್ರೀಕರಿಸಿದರು. ಅವರಿಗೆ ಆಗ ಎಂಬತ್ತು ದಾಟಿತ್ತು. ಮುಳಿಹುಲ್ಲಿನ ಮಾಡಿನ ಕೆಳಗೆ ಶಾಲೆ ನಡೆದ ದಿನಗಳು, ಮಳೆಗಾಲದಲ್ಲಿ ಹೊಳೆ ದಾಟಿ ಬರುತ್ತಿದ್ದ ಮಕ್ಕಳು, ತಾವು ಕಲಿತ ಭಾಗವತಿಕೆ, ಎಲ್ಲವನ್ನೂ ಅವರು ತಮ್ಮ ಮನೆಯ ಜಗಲಿಯಲ್ಲಿ ಕುಳಿತು ಮೂರು ಸಂಜೆಗಳಲ್ಲಿ ಹೇಳಿದರು. ನಡುನಡುವೆ ಪದಗಳನ್ನೂ ಹಾಡಿದರು. ಒಂದು ಗಂಟೆಗೂ ಮೀರಿದ ಆ ಚಿತ್ರಣವನ್ನು ಮಕ್ಕಳು ಹನ್ನೊಂದು ನಿಮಿಷಗಳಿಗೆ ಇಳಿಸಿ, ಕನ್ನಡದಲ್ಲಿ ಶೀರ್ಷಿಕೆಗಳನ್ನು ಬರೆದು, ‘ಸೇವ್’ ಮಾಡಿ, ಆ ಫೈಲನ್ನು ಪೆನ್‌ಡ್ರೈವಿನಲ್ಲಿ ತಂದುಕೊಟ್ಟರು. ಇಷ್ಟು ದೊಡ್ಡ ಚಿತ್ರವು ಇಷ್ಟು ಚಿಕ್ಕ ಫೈಲಾಯಿತಲ್ಲ ಎಂದು ನಾವೆಲ್ಲ ಮೆಚ್ಚಿಕೊಂಡೆವು. ಸಂಶಯಪಡಬೇಕಾದ ಸ್ಥಳದಲ್ಲಿ ನಾವು ಮೆಚ್ಚಿಕೊಂಡೆವು.

ಉತ್ಸವದ ದಿನ ಸಭಾಂಗಣದ ಕಂಪ್ಯೂಟರಿನಲ್ಲಿ ಅದನ್ನು ತೆರೆದಾಗ ಶೀರ್ಷಿಕೆಗಳು ಮಾತ್ರ ಬಂದವು. ಚಿತ್ರವಿರಬೇಕಾದಲ್ಲಿ ಬರಿಯ ಬಣ್ಣದ ಪರದೆ. “ಮಾಷ್ಟ್ರೇ, ಮನೆಯಲ್ಲಿ ಸರಿಯಾಗಿ ಬರುತ್ತಿತ್ತು,” ಎಂದು ಹುಡುಗನೊಬ್ಬನು ಅಳುವಂತಾಗಿ ಹೇಳಿದನು. ಅವನು ಹೇಳಿದುದು ಸತ್ಯವೇ ಆಗಿತ್ತು. ಮೂಲ ತುಣುಕುಗಳು ಅವನ ಮನೆಯ ಕಂಪ್ಯೂಟರಿನಲ್ಲಿದ್ದವು. ಮುಂದಿನ ವಾರ ಅವುಗಳನ್ನು ತರಲೆಂದು ಹೋದರೆ, ಚಿತ್ರವನ್ನು ಶಾಲೆಗೆ ಕೊಟ್ಟಾಗಿದೆಯಲ್ಲ ಎಂದು ಭಾವಿಸಿದ ಮನೆಯವರು ಸ್ಥಳಾವಕಾಶಕ್ಕಾಗಿ ಅವುಗಳನ್ನು ಅಳಿಸಿಬಿಟ್ಟಿದ್ದರು. ಇನ್ನೊಮ್ಮೆ ಚಿತ್ರೀಕರಿಸೋಣವೆಂದುಕೊಂಡೆವು, ನಾಳೆ ನಾಡಿದ್ದು ಎನ್ನುತ್ತ ದಿನ ಕಳೆಯಿತು. ಮುಂದಿನ ಆಟಿ ತಿಂಗಳಲ್ಲಿ ಆ ಹಿರಿಯರು ತೀರಿಕೊಂಡರು.

ತಪ್ಪು ಮಕ್ಕಳದಲ್ಲ, ಮನೆಯವರದೂ ಅಲ್ಲ. ಪ್ರಾಜೆಕ್ಟ್ ಬೇರೆ, ಚಿತ್ರ ಬೇರೆ ಎಂಬ ಒಂದು ಮಾತನ್ನು ನಾವು ಅವರಿಗೆ ಕಲಿಸಿರಲಿಲ್ಲ. ಅದನ್ನೇ ಈಗ ಇಲ್ಲಿ ಬರೆಯುತ್ತಿದ್ದೇವೆ.

1. ಪ್ರಾಜೆಕ್ಟ್ ಎಂದರೇನು?

ಸಂಕಲನ ತಂತ್ರಾಂಶದಲ್ಲಿ ನಾವು ತುಣುಕೊಂದನ್ನು ಕತ್ತರಿಸಿದಾಗ ನಿಜವಾಗಿ ಯಾವುದೂ ಕತ್ತರಿಸಲ್ಪಡುವುದಿಲ್ಲ. “ಮೊದಲನೆಯ ತುಣುಕಿನ 12ನೆಯ ಸೆಕೆಂಡಿನಿಂದ 40ನೆಯ ಸೆಕೆಂಡಿನವರೆಗೆ ತೋರಿಸು, ಬಳಿಕ ಮೂರನೆಯ ತುಣುಕಿನ ಆರಂಭಕ್ಕೆ ಹೋಗು, ಅಲ್ಲಿ ಧ್ವನಿಯನ್ನು ತಗ್ಗಿಸು” ಎಂಬಂತಹ ಸೂಚನೆಗಳನ್ನು ಮಾತ್ರ ತಂತ್ರಾಂಶವು ಬರೆದಿಟ್ಟುಕೊಳ್ಳುತ್ತದೆ. ಈ ಸೂಚನೆಗಳ ಪಟ್ಟಿಯೇ ಪ್ರಾಜೆಕ್ಟ್. ಕೆಡೆನ್‌ಲೈವ್ ಎಂಬ ಉಚಿತ ತಂತ್ರಾಂಶದ ಪ್ರಾಜೆಕ್ಟ್ ಫೈಲನ್ನು ಸಾಮಾನ್ಯ ಬರಹದ ತಂತ್ರಾಂಶದಲ್ಲಿ ತೆರೆದು ನೋಡಿದರೆ, ಅದು ಬರಿಯ ಅಕ್ಷರ, ಅಂಕೆಗಳ ಬರಹವೆಂಬುದು ತಿಳಿಯುತ್ತದೆ. ತುಣುಕುಗಳು ಯಾವ ಫೋಲ್ಡರಿನಲ್ಲಿವೆ ಎಂಬ ವಿಳಾಸವೂ ಅದರಲ್ಲಿ ಇರುತ್ತದೆ. ತುಣುಕುಗಳು ಮಾತ್ರ ಇರುವುದಿಲ್ಲ.

ಅಡುಗೆಯ ಉಪಮೆಯಿಂದ ಹೇಳುವುದಾದರೆ, ಪ್ರಾಜೆಕ್ಟ್ ಎಂಬುದು ಪಾಯಸ ಮಾಡುವ ವಿಧಾನವನ್ನು ಬರೆದ ಚೀಟಿ; ಮೂಲ ತುಣುಕುಗಳು ಅಕ್ಕಿ, ಬೆಲ್ಲ, ತೆಂಗಿನಕಾಯಿ; ಎಕ್ಸ್‌ಪೋರ್ಟ್ ಎಂಬುದು ಒಲೆಯ ಮೇಲಿನ ಕೆಲಸ. ಚೀಟಿಯನ್ನು ಬಡಿಸಿದರೆ ಯಾರ ಹೊಟ್ಟೆಯೂ ತುಂಬದು.

ಹಿಂದಿನ ಚಲಚ್ಚಿತ್ರಗಳಲ್ಲಿಯೂ ಇಂತಹದೇ ವಿಭಾಗವಿತ್ತು. ಸಂಕಲನಕಾರನು ಮೂಲ ನೆಗೆಟಿವನ್ನು ಮುಟ್ಟದೆ, ಅದರಿಂದ ಮಾಡಿದ ಒಂದು ಕೆಲಸದ ಪ್ರತಿಯನ್ನು ಕತ್ತರಿಸಿ ಅಂಟಿಸುತ್ತಿದ್ದನು. ಆ ಕೆಲಸ ಒಪ್ಪಿಗೆಯಾದ ಮೇಲೆ, ಫಿಲ್ಮಿನ ಅಂಚಿನಲ್ಲಿದ್ದ ಸಂಖ್ಯೆಗಳನ್ನು ಹೊಂದಿಸಿ ನೆಗೆಟಿವನ್ನು ಕತ್ತರಿಸುತ್ತಿದ್ದರು; ಅದರಿಂದ ಪ್ರಯೋಗಾಲಯವು ಪ್ರದರ್ಶನದ ಪ್ರತಿಗಳನ್ನು ಮುದ್ರಿಸುತ್ತಿತ್ತು. ಪ್ರಯೋಗಾಲಯದ ಈ ಕೆಲಸವನ್ನೇ ಇಂದು ಎಕ್ಸ್‌ಪೋರ್ಟ್ ಮಾಡುತ್ತದೆ. ಈ ಗುಂಡಿಗೆ ಕೆಡೆನ್‌ಲೈವ್‌ನಲ್ಲಿ ‘ರೆಂಡರ್’ ಎಂದೂ, ಶಾಟ್‌ಕಟ್‌ನಲ್ಲಿ ‘ಎಕ್ಸ್‌ಪೋರ್ಟ್’ ಎಂದೂ, ಡಾವಿಂಚಿ ರಿಸಾಲ್ವ್‌ನಲ್ಲಿ ‘ಡೆಲಿವರ್’ ಎಂದೂ ಹೆಸರು. ಹೆಸರು ಬೇರೆಯಾದರೂ ಕಾರ್ಯವೊಂದೇ.

2. ಕುಗ್ಗಿಸದೆ ಗತಿಯಿಲ್ಲ

ಎಕ್ಸ್‌ಪೋರ್ಟ್ ಮಾಡುವಾಗ ತಂತ್ರಾಂಶವು ಹಲವು ಪ್ರಶ್ನೆಗಳನ್ನು ಕೇಳುತ್ತದೆ. ಅವುಗಳ ಅರ್ಥವಾಗಬೇಕಾದರೆ ಒಂದು ಚಿಕ್ಕ ಲೆಕ್ಕವನ್ನು ಮಾಡಬೇಕು.

ಪೂರ್ಣ ಎಚ್‌ಡಿ ಎಂಬ ಚಿತ್ರದ ಅಗಲದಲ್ಲಿ 1920, ಎತ್ತರದಲ್ಲಿ 1080 ಬಿಂದುಗಳಿರುತ್ತವೆ. ಗುಣಿಸಿದರೆ 20,73,600 ಬಿಂದುಗಳು. ಒಂದೊಂದು ಬಿಂದುವಿನ ಕೆಂಪು, ಹಸುರು, ನೀಲಿ ಬಣ್ಣಗಳನ್ನು ಬರೆದಿಡಲು 3 ಬೈಟುಗಳಂತೆ, ಒಂದು ಚಿತ್ರಕ್ಕೆ 62,20,800 ಬೈಟುಗಳು ಬೇಕು. ಸೆಕೆಂಡಿಗೆ ಇಂತಹ 25 ಚಿತ್ರಗಳಾದರೆ 15,55,20,000 ಬೈಟುಗಳು. ಈ ಲೆಕ್ಕದಲ್ಲಿ ಹತ್ತು ನಿಮಿಷದ ಚಿತ್ರವು ಸುಮಾರು 93 ಜಿಬಿ ಸ್ಥಳವನ್ನು ನುಂಗಿಬಿಡುತ್ತದೆ. ಅದನ್ನು ಇಡಲು ಮೊಬೈಲಿನಲ್ಲಿ ಸ್ಥಳ ಸಾಲದು; ಕಳುಹಿಸುವ ಮಾತಂತೂ ದೂರವೇ ಉಳಿಯಿತು.

ಆದುದರಿಂದ ಚಿತ್ರವನ್ನು ಕುಗ್ಗಿಸಬೇಕಾಗುತ್ತದೆ. ಕುಗ್ಗಿಸುವ ಮತ್ತು ಬಿಡಿಸುವ ಕ್ರಮಕ್ಕೆ ‘ಕೋಡೆಕ್’ ಎಂದು ಹೆಸರು. ಸೆಕೆಂಡಿಗೆ 80 ಲಕ್ಷ ಬಿಟ್ಟುಗಳ, ಅಂದರೆ 8 ಮೆಗಾಬಿಟ್ಟುಗಳ ಪ್ರಮಾಣದಲ್ಲಿ ಕುಗ್ಗಿಸಿದರೆ, 8 ಬಿಟ್ಟುಗಳಿಗೆ ಒಂದು ಬೈಟಿನಂತೆ ಸೆಕೆಂಡಿಗೆ 10 ಲಕ್ಷ ಬೈಟುಗಳು. ಹತ್ತು ನಿಮಿಷಕ್ಕೆ 600 ಎಂಬಿ. ನೂರೈವತ್ತು ಪಾಲಿಗೂ ಮೀರಿ ಚಿತ್ರವು ಕುಗ್ಗಿತು. ಆದರೂ ಕಣ್ಣಿಗೆ ಹೆಚ್ಚಿನ ಭೇದ ಕಾಣದು. ಇದು ಹೇಗೆ ಸಾಧ್ಯ?

3. ಕುಗ್ಗಿಸುವ ಉಪಾಯ

ಉಪಾಯಗಳು ಎರಡು. ಹಿರಿಯರೊಬ್ಬರು ಜಗಲಿಯಲ್ಲಿ ಕುಳಿತು ಮಾತನಾಡುವಾಗ ಹಿಂದಿನ ಗೋಡೆ, ಕಂಬ, ಕಿಟಕಿ ಇವು ಅಲುಗಾಡುವುದಿಲ್ಲ; ತುಟಿಯೂ ಕೈಯೂ ಮಾತ್ರ ಚಲಿಸುತ್ತವೆ. ಹೀಗಿರುವಾಗ ಗೋಡೆಯನ್ನು ಸೆಕೆಂಡಿಗೆ 25 ಸಲ ಬರೆದಿಡುವ ಆವಶ್ಯಕತೆಯೇನು? ಒಂದು ಚಿತ್ರವನ್ನು ಪೂರ್ಣವಾಗಿ ಬರೆದು, ಮುಂದಿನ ಹಲವು ಚಿತ್ರಗಳಲ್ಲಿ ಬದಲಾದುದನ್ನು ಮಾತ್ರ ಬರೆದರೆ ಸಾಕು. ಇದು ಮೊದಲನೆಯ ಉಪಾಯ. ಕುಣಿತ, ಬಣ್ಣದ ವೇಷ, ಸುರಿಯುವ ಮಳೆ ಇಂತಹ ದೃಶ್ಯಗಳಲ್ಲಿ ಬದಲಾವಣೆ ಹೆಚ್ಚಿರುವುದರಿಂದ ಅವುಗಳಿಗೆ ಹೆಚ್ಚು ಬಿಟ್ಟುಗಳು ಬೇಕಾಗುತ್ತವೆ ಎಂಬುದೂ ಇದರಿಂದಲೇ ಸ್ಪಷ್ಟವಾಗುತ್ತದೆ.

ಎರಡನೆಯ ಉಪಾಯವು ಒಂದೇ ಚಿತ್ರದ ಒಳಗಿನದು. ಚಿತ್ರವನ್ನು ಚಿಕ್ಕಚಿಕ್ಕ ಚೌಕಗಳಾಗಿ ವಿಭಾಗಿಸಿ, ಒಂದೊಂದು ಚೌಕದಲ್ಲಿಯೂ ನಿಧಾನವಾಗಿ ಬದಲಾಗುವ ಛಾಯೆ ಎಷ್ಟು, ಥಟ್ಟನೆ ಬದಲಾಗುವ ಸೂಕ್ಷ್ಮ ರೇಖೆಗಳೆಷ್ಟು ಎಂದು ಗಣಿತದಿಂದ ಬೇರ್ಪಡಿಸುತ್ತಾರೆ. ಸೂಕ್ಷ್ಮಗಳಲ್ಲಿ ಸ್ವಲ್ಪ ಲೋಪವಾದರೂ ನಮ್ಮ ಕಣ್ಣು ಗುರುತಿಸುವುದಿಲ್ಲವಾದುದರಿಂದ ಅಲ್ಲಿ ಮಿತವ್ಯಯ ಮಾಡಬಹುದು.

ಈ ಗಣಿತಕ್ಕೆ ‘ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್’ ಎಂದು ಹೆಸರು. ಇದನ್ನು ಕಂಡುಕೊಂಡ ನಾಸಿರ್ ಅಹ್ಮದ್ ಅವರು 1940ರಲ್ಲಿ ಬೆಂಗಳೂರಿನಲ್ಲಿ ಜನಿಸಿದವರು. ಅಲ್ಲಿಯೇ ಇಂಜಿನಿಯರಿಂಗ್ ಪದವಿಯನ್ನು ಪಡೆದು ಅಮೆರಿಕೆಗೆ ತೆರಳಿದವರು. 1972ರಲ್ಲಿ ಅವರು ಈ ಸಂಶೋಧನೆಗಾಗಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಧನಸಹಾಯವನ್ನು ಕೋರಿದಾಗ ಅದು ದೊರೆಯಲಿಲ್ಲ. ಈ ವಿಚಾರವು ತೀರ ಸರಳವಾದುದೆಂದು ಪರಿಶೀಲಕರೊಬ್ಬರು ಅಭಿಪ್ರಾಯಪಟ್ಟಿದ್ದರೆಂದು ಅಹ್ಮದರೇ ಮುಂದೆ ನೆನಪಿಸಿಕೊಂಡಿದ್ದಾರೆ. ಆದರೂ ಅವರು ಕೆಲಸವನ್ನು ಬಿಡಲಿಲ್ಲ. ಟಿ. ನಟರಾಜನ್, ಕೆ. ಆರ್. ರಾವ್ ಅವರೊಡನೆ ಬರೆದ ಅವರ ಪ್ರಬಂಧವು 1974ರಲ್ಲಿ ಪ್ರಕಟವಾಯಿತು. ಇಂದು ಜಗತ್ತಿನ ತುಂಬ ಬಳಕೆಯಲ್ಲಿರುವ ಜೆಪೆಗ್ ಛಾಯಾಚಿತ್ರಗಳಿಗೂ, 2003ರಲ್ಲಿ ಅಂಗೀಕೃತವಾದ ಎಚ್.264 ಎಂಬ ವಿಡಿಯೋ ಕೋಡೆಕ್ಕಿಗೂ ಈ ತತ್ತ್ವವೇ ತಳಹದಿ. ನಮ್ಮ ವಿದ್ಯಾರ್ಥಿಗಳು ರೆಂಡರ್ ಗುಂಡಿಯನ್ನು ಒತ್ತುವಾಗಲೆಲ್ಲ ಬೆಂಗಳೂರಿನಲ್ಲಿ ಓದಿದ ವಿದ್ಯಾರ್ಥಿಯೊಬ್ಬನ ಗಣಿತವು ಕೆಲಸಮಾಡುತ್ತಿರುತ್ತದೆ.

4. ತಂತ್ರಾಂಶದ ಪ್ರಶ್ನೆಗಳು, ನಮ್ಮ ಉತ್ತರಗಳು

ಇನ್ನು ಎಕ್ಸ್‌ಪೋರ್ಟಿನ ಆಯ್ಕೆಗಳನ್ನು ಒಂದೊಂದಾಗಿ ನೋಡೋಣ.

(ಅ) ಫೈಲಿನ ಬಗೆ: ಎಂಪಿ4 ಎಂಬುದು ಹೊರಗಿನ ಪೆಟ್ಟಿಗೆ, ಒಳಗೆ ಚಿತ್ರಕ್ಕೆ ಎಚ್.264, ಧ್ವನಿಗೆ ಎಎಸಿ ಎಂಬ ಕೋಡೆಕ್ಕುಗಳು. ಮೊಬೈಲ್, ಟಿವಿ, ಪ್ರೊಜೆಕ್ಟರಿಗೆ ಜೋಡಿಸಿದ ಹಳೆಯ ಕಂಪ್ಯೂಟರ್, ಎಲ್ಲೆಲ್ಲಿಯೂ ಇದು ಸಾಮಾನ್ಯವಾಗಿ ನಡೆಯುತ್ತದೆ. 2013ರಲ್ಲಿ ಬಂದ ಎಚ್.265 ಇನ್ನೂ ಹೆಚ್ಚು ಕುಗ್ಗಿಸಬಲ್ಲುದಾದರೂ ಹಳೆಯ ಯಂತ್ರಗಳು ಅದನ್ನು ತೆರೆಯಲಾರವು. ಸಭೆಯಲ್ಲಿ ತೋರಿಸಬೇಕಾದ ಚಿತ್ರಕ್ಕೆ ಮೊದಲನೆಯದೇ ಕ್ಷೇಮ.

(ಆ) ಬಿಂದುಗಳ ಸಂಖ್ಯೆ: ಚಿತ್ರೀಕರಿಸಿದ ಅಳತೆಯನ್ನೇ ಉಳಿಸಿಕೊಳ್ಳುವುದು ಲೇಸು. 1280×720ರಲ್ಲಿ ತೆಗೆದುದನ್ನು 1920×1080ಕ್ಕೆ ಹಿಗ್ಗಿಸಿದರೆ ಫೈಲು ದೊಡ್ಡದಾಗುವುದೇ ಹೊರತು ಚಿತ್ರವು ಸ್ಪಷ್ಟವಾಗದು. ಹಾಲಿಗೆ ನೀರು ಬೆರೆಸಿದರೆ ಪಾತ್ರೆ ತುಂಬುತ್ತದೆ, ಕೆನೆ ಹೆಚ್ಚುವುದಿಲ್ಲ.

(ಇ) ಸೆಕೆಂಡಿನ ಚಿತ್ರಗಳು: ಮೊಬೈಲುಗಳು ಸಾಮಾನ್ಯವಾಗಿ ಸೆಕೆಂಡಿಗೆ 30 ಚಿತ್ರಗಳನ್ನು ತೆಗೆಯುತ್ತವೆ, ಭಾರತದ ದೂರದರ್ಶನ ಪ್ರಸಾರದ ಕ್ರಮವು 25. ಮೂಲದಲ್ಲಿ 30 ಇದ್ದರೆ 30ನ್ನೇ, 25 ಇದ್ದರೆ 25ನ್ನೇ ಪ್ರಾಜೆಕ್ಟಿನ ಆರಂಭದಲ್ಲಿಯೇ ಆರಿಸಬೇಕು. ಇಲ್ಲವಾದರೆ ಚಲನೆಯು ತಡೆತಡೆದು ನಡೆಯುವಂತೆ ಕಾಣುತ್ತದೆ.

(ಈ) ಬಿಟ್‌ರೇಟ್: ಇದೇ ಫೈಲಿನ ಗಾತ್ರವನ್ನೂ ಗುಣವನ್ನೂ ನಿರ್ಣಯಿಸುವುದು. ಪೂರ್ಣ ಎಚ್‌ಡಿ ಚಿತ್ರಕ್ಕೆ ಸೆಕೆಂಡಿಗೆ 8 ಮೆಗಾಬಿಟ್, 1280×720ರ ಚಿತ್ರಕ್ಕೆ 5 ಮೆಗಾಬಿಟ್ ಇಟ್ಟರೆ ಸಾಮಾನ್ಯ ಪ್ರದರ್ಶನಕ್ಕೆ ಸಾಕು. ತೀರ ಕಡಮೆ ಮಾಡಿದರೆ ಯಕ್ಷಗಾನದ ವೇಷವು ಗಿರಕಿ ಹೊಡೆಯುವಾಗ ಚೌಕಚೌಕವಾಗಿ ಒಡೆದು ಕಾಣುವುದು.

(ಉ) ಧ್ವನಿ: ಸೆಕೆಂಡಿಗೆ 192 ಕಿಲೋಬಿಟ್ಟುಗಳಿಟ್ಟರೆ ಹತ್ತು ನಿಮಿಷಕ್ಕೆ ಸುಮಾರು 14 ಎಂಬಿ ಮಾತ್ರ. ಚಿತ್ರದ ಮುಂದೆ ಧ್ವನಿಯ ಖರ್ಚು ಅತ್ಯಲ್ಪ. ಆದುದರಿಂದ ಚೆಂಡೆ ಮದ್ದಳೆಗಳ ನಾದದಲ್ಲಿ ಜಿಪುಣತನ ತೋರಬೇಕಾಗಿಲ್ಲ.

5. ಕನ್ನಡ ಅಕ್ಷರಗಳ ವಿಷಯ

ನಮ್ಮಂತಹ ಶಾಲೆಗಳು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದುಂಟು. ಶೀರ್ಷಿಕೆಗಳಿಗಾಗಿ ನಾವು ಆರಿಸಿದ ಕನ್ನಡ ಫಾಂಟು ಬೇರೆ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಅಲ್ಲಿ ಪ್ರಾಜೆಕ್ಟನ್ನು ತೆರೆದಾಗ ಅಕ್ಷರಗಳ ರೂಪ ಬದಲಾಗುತ್ತದೆ. ಯೂನಿಕೋಡಿಗೆ ಹಿಂದಿನ ಹಳೆಯ ಫಾಂಟುಗಳಲ್ಲಿ ಬರೆದಿದ್ದರಂತೂ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು ಕಾಣಿಸಿಕೊಳ್ಳುತ್ತದೆ. ಎಕ್ಸ್‌ಪೋರ್ಟ್ ಮಾಡಿದ ಫೈಲಿನಲ್ಲಿ ಈ ಭಯವಿಲ್ಲ. ಏಕೆಂದರೆ ಅಲ್ಲಿ ಅಕ್ಷರಗಳು ಚಿತ್ರದ ಬಿಂದುಗಳೇ ಆಗಿಬಿಟ್ಟಿರುತ್ತವೆ. ಗೋಡೆಯ ಮೇಲೆ ಬರೆದ ಹೆಸರಿನಂತೆ ಅವು ಎಲ್ಲಿಗೆ ಹೋದರೂ ಬದಲಾಗವು.

ಆದರೆ ಇದೇ ಕಾರಣದಿಂದ, ತಪ್ಪಾಗಿ ಬರೆದುದೂ ಶಾಶ್ವತವಾಗಿ ಉಳಿಯುತ್ತದೆ. ಕೆಲವು ತಂತ್ರಾಂಶಗಳು ಒತ್ತಕ್ಷರಗಳನ್ನು ಕೂಡಿಸದೆ ಬಿಡಿಬಿಡಿಯಾಗಿ ತೋರಿಸುವುದುಂಟು. ‘ಕನ್ನಡ’ ಎಂಬ ಶಬ್ದದಲ್ಲಿ ನಕಾರದ ಒತ್ತು ಕೆಳಗೆ ಕೂಡದೆ ಪಕ್ಕದಲ್ಲಿ ನಿಂತರೆ ನೋಡುವವರಿಗೆ ಹೇಗಾದೀತು? ಆದುದರಿಂದ ಎಕ್ಸ್‌ಪೋರ್ಟಿಗೆ ಮೊದಲು ಶೀರ್ಷಿಕೆಗಳನ್ನೆಲ್ಲ ಭಾಷಾ ಅಧ್ಯಾಪಕರೊಬ್ಬರಿಗೆ ತೋರಿಸಿರಿ.

6. ಪರೀಕ್ಷೆ

ಎಕ್ಸ್‌ಪೋರ್ಟ್ ಮುಗಿಯಿತೆಂಬ ಸೂಚನೆ ಬಂದೊಡನೆ ಕೆಲಸ ಮುಗಿಯಿತೆಂದು ಎಣಿಸಬಾರದು. ಮೂರು ಪರೀಕ್ಷೆಗಳು ಅಗತ್ಯ.

ಮೊದಲನೆಯದು, ಫೈಲಿನ ಗಾತ್ರವನ್ನು ನೋಡುವುದು. ಹತ್ತು ನಿಮಿಷದ ಚಿತ್ರಕ್ಕೆ ಸುಮಾರು 600 ಎಂಬಿ ಬರಬೇಕೆಂದು ಲೆಕ್ಕ ಹೇಳುವಾಗ ಫೈಲು ಕೆಲವೇ ಕೆಬಿ ಇದ್ದರೆ ಅದು ಪ್ರಾಜೆಕ್ಟೇ ಹೊರತು ಚಿತ್ರವಲ್ಲ. ಈ ಒಂದು ಲೆಕ್ಕವನ್ನು ಅಂದು ಬಲ್ಲೆವಾದರೆ ನಾವು ಮೋಸಹೋಗುತ್ತಿರಲಿಲ್ಲ.

ಎರಡನೆಯದು, ಫೈಲನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆಯುವುದು. ಸಂಕಲನ ನಡೆದ ಕಂಪ್ಯೂಟರಿನಲ್ಲಿಯೇ ಪರೀಕ್ಷಿಸುವುದು ಪಾಠವನ್ನು ಪುಸ್ತಕ ತೆರೆದಿಟ್ಟು ಒಪ್ಪಿಸಿದಂತೆ.

ಮೂರನೆಯದು, ಮೊದಲಿನಿಂದ ಕೊನೆಯವರೆಗೆ ಪೂರ್ತಿಯಾಗಿ ನೋಡುವುದು. ಕೆಲವು ಮೊಬೈಲುಗಳ ಚಿತ್ರಣದಲ್ಲಿ ಸೆಕೆಂಡಿನ ಚಿತ್ರಗಳ ಸಂಖ್ಯೆಯು ಏರಿಳಿಯುತ್ತಿರುವುದರಿಂದ, ಆರಂಭದಲ್ಲಿ ಸರಿಯಾಗಿದ್ದ ಧ್ವನಿಯು ಕೊನೆಯ ಹೊತ್ತಿಗೆ ತುಟಿಯ ಚಲನೆಯಿಂದ ಹಿಂದೆ ಬೀಳುವುದುಂಟು. ಮೊದಲ ಅರ್ಧ ನಿಮಿಷವನ್ನು ನೋಡಿ ತೃಪ್ತರಾದವರಿಗೆ ಇದು ತಿಳಿಯುವುದಿಲ್ಲ.

7. ಸಾಗಿಸುವುದು, ಕಾಪಾಡುವುದು

ಹಲವು ಪೆನ್‌ಡ್ರೈವುಗಳು ‘ಫ್ಯಾಟ್32’ ಎಂಬ ಕ್ರಮದಲ್ಲಿ ಸಿದ್ಧವಾಗಿರುತ್ತವೆ. ಅವುಗಳಲ್ಲಿ ಎಷ್ಟೇ ಸ್ಥಳವಿದ್ದರೂ 4 ಜಿಬಿ ಮೀರಿದ ಒಂದೇ ಫೈಲು ಹಿಡಿಯದು. ಸೆಕೆಂಡಿಗೆ 8 ಮೆಗಾಬಿಟ್ಟಿನ ಲೆಕ್ಕದಲ್ಲಿ 75 ನಿಮಿಷದ ಕಾರ್ಯಕ್ರಮವು 450 ಕೋಟಿ ಬೈಟುಗಳಾಗಿ ಈ ಮೇರೆಯನ್ನು ದಾಟುತ್ತದೆ. ಪೆನ್‌ಡ್ರೈವನ್ನು ‘ಎಕ್ಸ್‌ಫ್ಯಾಟ್’ ಕ್ರಮಕ್ಕೆ ಬದಲಾಯಿಸಿದರೆ ತೊಂದರೆಯಿಲ್ಲ. ಹಾಗೆ ಬದಲಾಯಿಸುವಾಗ ಅದರಲ್ಲಿರುವುದೆಲ್ಲ ಅಳಿದುಹೋಗುವುದರಿಂದ ಮೊದಲೇ ಬೇರೆಡೆ ನಕಲು ಮಾಡಿಟ್ಟುಕೊಳ್ಳಬೇಕು.

ವಾಟ್ಸಪ್ಪಿನಲ್ಲಿ ವಿಡಿಯೋವಾಗಿ ಕಳುಹಿಸಿದರೆ ಅದು ಚಿತ್ರವನ್ನು ಮತ್ತೊಮ್ಮೆ ಕುಗ್ಗಿಸುತ್ತದೆ. ‘ಡಾಕ್ಯುಮೆಂಟ್’ ಎಂದು ಕಳುಹಿಸಿದರೆ ಇದ್ದಂತೆಯೇ ತಲಪುತ್ತದೆ. ಜೆರಾಕ್ಸಿನ ಜೆರಾಕ್ಸು ಮಸುಕಾಗುವಂತೆ, ಕುಗ್ಗಿಸಿದುದನ್ನು ಮತ್ತೆ ಮತ್ತೆ ಕುಗ್ಗಿಸಿದರೆ ಚಿತ್ರವು ಕೆಡುತ್ತ ಹೋಗುತ್ತದೆ. ಆದುದರಿಂದ ಹೆಚ್ಚಿನ ಬಿಟ್‌ರೇಟಿನಲ್ಲಿ ಒಂದು ಮೂಲಪ್ರತಿಯನ್ನು ಹೊರತಂದು ಇಟ್ಟುಕೊಂಡು, ಹಂಚುವ ಚಿಕ್ಕ ಪ್ರತಿಗಳನ್ನು ಅದರಿಂದಲೇ ಮಾಡಬೇಕು.

ಮುಂದೆ ತಿದ್ದಬೇಕಾಗಬಹುದಾದ ಕೃತಿಯಾದರೆ ಪ್ರಾಜೆಕ್ಟನ್ನೂ ತುಣುಕುಗಳನ್ನೂ ಒಟ್ಟಿಗೆ ಉಳಿಸಬೇಕು. ಕೆಡೆನ್‌ಲೈವ್‌ನಲ್ಲಿ ಇದಕ್ಕಾಗಿ ‘ಆರ್ಕೈವ್ ಪ್ರಾಜೆಕ್ಟ್’ ಎಂಬ ಸೌಕರ್ಯವಿದ್ದು, ಅದು ಎಲ್ಲವನ್ನೂ ಒಂದೇ ಕಡೆ ಕೂಡಿಸಿಡುತ್ತದೆ. ಬಳಿಕ ಮೂರು ಪ್ರತಿಗಳಿರಲಿ: ಶಾಲೆಯ ಕಂಪ್ಯೂಟರಿನಲ್ಲಿ ಒಂದು, ಪ್ರತ್ಯೇಕ ಹಾರ್ಡ್‌ಡಿಸ್ಕಿನಲ್ಲಿ ಒಂದು, ಶಾಲೆಯ ಹೊರಗೆ ಬೇರೊಂದೆಡೆ ಒಂದು.

ಹೊರಬಂದ ಚಿತ್ರವೂ ಕಾಪಾಡದಿದ್ದರೆ ಉಳಿಯದೆಂಬುದಕ್ಕೆ ನಮ್ಮ ಭಾಷೆಯಲ್ಲಿಯೇ ದೊಡ್ಡ ನಿದರ್ಶನವುಂಟು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ವು ಕೊಲ್ಹಾಪುರದಲ್ಲಿ ತಯಾರಾಗಿ 1934ರಲ್ಲಿ ತೆರೆಕಂಡಿತು. ಜನರು ಅದನ್ನು ನೋಡಿ ಆನಂದಿಸಿದರು. ಇಂದು ನೋಡೋಣವೆಂದರೆ ಅದರ ಪ್ರತಿಯೇ ಇಲ್ಲ.

ತಂದೆತಾಯಿಗಳಲ್ಲಿ ಒಂದು ಮಾತು

ಮಕ್ಕಳ ಫೋನು, ಕಂಪ್ಯೂಟರುಗಳಲ್ಲಿ ಸ್ಥಳ ತುಂಬಿದಾಗ ಅಳಿಸುವುದು ಸಹಜ. ಅಳಿಸುವುದಕ್ಕೆ ಮುನ್ನ ಮಗುವನ್ನು ಒಮ್ಮೆ ಕೇಳಿರಿ: “ಚಿತ್ರ ಹೊರಗೆ ಬಂದಿದೆಯೆ? ಬೇರೆ ಕಂಪ್ಯೂಟರಿನಲ್ಲಿ ನೋಡಿದ್ದೀಯಾ?” ಈ ಎರಡು ಪ್ರಶ್ನೆಗಳನ್ನು ಕೇಳಲು ಕಂಪ್ಯೂಟರ್ ಜ್ಞಾನವೇನೂ ಬೇಕಾಗಿಲ್ಲ. ಎರಡಕ್ಕೂ ಹೌದೆಂಬ ಉತ್ತರ ಬಂದ ಮೇಲೆ ಅಳಿಸಿದರೆ ಅಡ್ಡಿಯಿಲ್ಲ.

ಗಡಿಯ ಈಚೆಗಿರುವ ನಮ್ಮ ಊರುಗಳಲ್ಲಿ ಕನ್ನಡದ ಹಳೆಯ ಶಾಲೆಗಳನ್ನೂ ಮೇಳಗಳನ್ನೂ ಕಣ್ಣಾರೆ ಕಂಡವರು ಇನ್ನೂ ಕೆಲವರಿದ್ದಾರೆ. ಅವರ ಮಾತು ಯಾವ ಪುಸ್ತಕದಲ್ಲಿಯೂ ಅಚ್ಚಾಗಿಲ್ಲ. ಅದನ್ನು ಸೆರೆಹಿಡಿಯುವ ಸಾಧನ ನಮ್ಮ ಮಕ್ಕಳ ಕೈಯಲ್ಲಿದೆ, ಆಸಕ್ತಿಯೂ ಇದೆ. ಕೊನೆಯ ಹೆಜ್ಜೆಯನ್ನೂ ಅವರು ಕಲಿತರೆ, ನಮಗೆ ಆದ ನಷ್ಟವು ಮತ್ತೊಂದು ಶಾಲೆಗೆ ಆಗದು. ಆ ನಾಲ್ವರು ವಿದ್ಯಾರ್ಥಿಗಳು ಮರುವರ್ಷ ಇನ್ನೊಬ್ಬ ಹಿರಿಯರ ಬಳಿಗೆ ಹೋದರು. ಆ ಚಿತ್ರದ ಮೂರು ಪ್ರತಿಗಳು ಇಂದು ನಮ್ಮಲ್ಲಿವೆ.

ಅಭ್ಯಾಸ

1. ಪ್ರಾಜೆಕ್ಟ್ ಫೈಲಿಗೂ ಎಕ್ಸ್‌ಪೋರ್ಟ್ ಮಾಡಿದ ಫೈಲಿಗೂ ಇರುವ ಭೇದವನ್ನು ನಿಮ್ಮ ಮಾತಿನಲ್ಲಿ ಬರೆಯಿರಿ.

2. ಸೆಕೆಂಡಿಗೆ 5 ಮೆಗಾಬಿಟ್ ಪ್ರಮಾಣದಲ್ಲಿ ಹೊರತಂದ 15 ನಿಮಿಷದ ಚಿತ್ರವು, ಧ್ವನಿಯನ್ನು ಬಿಟ್ಟು, ಎಷ್ಟು ಎಂಬಿ ಇರುತ್ತದೆ? (ಉತ್ತರ: 562.5)

3. ಒಂದೇ ಬಿಟ್‌ರೇಟಿನಲ್ಲಿ ಭಾಷಣದ ಚಿತ್ರವು ಸ್ಪಷ್ಟವಾಗಿಯೂ ಕುಣಿತದ ಚಿತ್ರವು ಒಡೆದೂ ಕಾಣುವುದೇಕೆ?

4. ನಿಮ್ಮ ಮನೆಯ ಅಥವಾ ನೆರೆಮನೆಯ ಹಿರಿಯರೊಬ್ಬರ ಮಾತನ್ನು ಐದು ನಿಮಿಷ ಚಿತ್ರೀಕರಿಸಿ, ಸಂಕಲಿಸಿ, ಎಕ್ಸ್‌ಪೋರ್ಟ್ ಮಾಡಿ, ಬೇರೊಂದು ಕಂಪ್ಯೂಟರಿನಲ್ಲಿ ಪರೀಕ್ಷಿಸಿದ ಮೇಲೆ ಶಾಲೆಗೆ ತನ್ನಿರಿ.